ಉಕ್ಕು ಮತ್ತು ಬಣ್ಣ: ಡೇವಿಡ್ ಸ್ಮಿತ್ತನ ಶಿಲ್ಪಗಳನ್ನು ಕುರಿತು ಒಂದು ವಿಚಾರ

1960ರಲ್ಲಿ ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್ತನು ಕಲಾಪತ್ರಿಕೆಗೆ ಒಂದು ಪತ್ರವನ್ನು ಬರೆದನು. ಹತ್ತು ವರ್ಷಗಳ ಹಿಂದೆ ತಾನು ನಿರ್ಮಿಸಿದ್ದ ‘17 ಎಚ್‌ಗಳು’ ಎಂಬ ಉಕ್ಕಿನ ಶಿಲ್ಪಕ್ಕೆ ತಾನು ಆರು ಲೇಪ ಕೆಂಪು ಬಣ್ಣವನ್ನು ಕೊಟ್ಟಿದ್ದನೆಂದೂ, ಅದು ಕೈಯಿಂದ ಕೈಗೆ ಮಾರಾಟವಾಗುತ್ತ ಹೋದಾಗ ಬಣ್ಣವನ್ನು ಬುದ್ಧಿಪೂರ್ವಕವಾಗಿ ಕಿತ್ತುಹಾಕಲಾಯಿತೆಂದೂ, ಆದಕಾರಣ ಇನ್ನು ಮುಂದೆ ಅದನ್ನು ತನ್ನ ಕೃತಿಯೆಂದು ತಾನು ಒಪ್ಪುವುದಿಲ್ಲವೆಂದೂ ಆ ಪತ್ರದ ಸಾರ. ಹೋದದ್ದು ಬಣ್ಣ ಮಾತ್ರ. ಆದರೂ ಉಳಿದದ್ದು ಅವನ ಪಾಲಿಗೆ ಬರಿಯ ಹಾಳು.

ಐದು ವರ್ಷಗಳ ತರುವಾಯ ಅವನು ತೀರಿಕೊಂಡನು. ಆಮೇಲೆ ಅವನ ಬೇರೆ ಕೆಲವು ಶಿಲ್ಪಗಳಿಗೂ ಇದೇ ಗತಿ ಒದಗಿತು. ಈ ಸಲ ಅದಕ್ಕೆ ಅವಕಾಶ ಕೊಟ್ಟವರು ಆ ಶಿಲ್ಪಗಳನ್ನು ಕಾಯಬೇಕಾಗಿದ್ದವರೇ. ಈ ಎರಡು ಘಟನೆಗಳ ನಡುವೆ ಅಮೂರ್ತ ಲೋಹಶಿಲ್ಪದ ಸ್ವರೂಪವನ್ನು ಕುರಿತ ಒಂದು ಮೂಲಭೂತ ಪ್ರಶ್ನೆ ಅಡಗಿದೆ. ಉಕ್ಕಿನ ಶಿಲ್ಪದಲ್ಲಿ ಬಣ್ಣವು ಹೊದಿಕೆಯೋ, ದೇಹವೋ? ಸ್ಮಿತ್ತನ ಜೀವನವನ್ನೂ ಕಾರ್ಯವಿಧಾನವನ್ನೂ ಸ್ವಲ್ಪ ನಿಧಾನವಾಗಿ ಪರಿಶೀಲಿಸದೆ ಇದಕ್ಕೆ ಉತ್ತರ ಹೇಳಲಾಗದು. ನಾವು ಕಲಾವಿಮರ್ಶೆಯನ್ನೇ ವೃತ್ತಿಯಾಗಿ ಹಿಡಿದವರಲ್ಲ, ಇತಿಹಾಸವನ್ನು ಬೋಧಿಸುವವರು. ಆದರೆ ಪ್ರಶ್ನೆಯು ಕೊನೆಗೆ ಆಧಾರಗಳ ಪ್ರಶ್ನೆಯಾಗಿ ಪರಿಣಮಿಸುವುದರಿಂದ ಅದನ್ನು ಎತ್ತಿಕೊಳ್ಳುವ ಅಧಿಕಾರ ನಮಗೂ ಇದೆಯೆಂದು ಭಾವಿಸಿದ್ದೇವೆ.

ಸ್ಮಿತ್ತನು ಹುಟ್ಟಿದುದು 1906ರ ಮಾರ್ಚ್ 9ರಂದು, ಇಂಡಿಯಾನ ಪ್ರಾಂತದ ಡಿಕೇಟರ್ ಎಂಬ ಚಿಕ್ಕ ಪಟ್ಟಣದಲ್ಲಿ. ತಂದೆ ದೂರವಾಣಿ ಸಂಸ್ಥೆಯ ಎಂಜಿನಿಯರು, ಬಿಡುವಿನಲ್ಲಿ ಯಂತ್ರಗಳನ್ನು ಕಲ್ಪಿಸುವವನು. ತಾಯಿ ಶಾಲೆಯ ಉಪಾಧ್ಯಾಯಿನಿ. ಕಾಲೇಜಿನ ವ್ಯಾಸಂಗ ಅವನಿಗೆ ಹಿಡಿಸಲಿಲ್ಲ. 1925ರ ಬೇಸಗೆಯಲ್ಲಿ ಸೌತ್ ಬೆಂಡ್ ನಗರದ ಸ್ಟುಡಿಬೇಕರ್ ಮೋಟಾರು ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುವುದು, ಬೆಸೆಯುವುದು ಮೊದಲಾದ ಕೆಲಸಗಳನ್ನು ಮಾಡಿದನು. ಕೂಲಿಗಾಗಿ ಮಾಡಿದ ಆ ಕೆಲಸವು ಮುಂದೆ ಅವನ ಕಲೆಯ ಅಕ್ಷರಾಭ್ಯಾಸವಾಯಿತು. ಮರುವರ್ಷ ನ್ಯೂಯಾರ್ಕಿಗೆ ಬಂದು ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಕಲಾಶಾಲೆಯನ್ನು ಸೇರಿದನು. ಅಲ್ಲಿ ಕಲಿತದ್ದು ಶಿಲ್ಪವನ್ನಲ್ಲ, ಚಿತ್ರಕಲೆಯನ್ನು. ಈ ಅಂಶವನ್ನು ವಿದ್ಯಾರ್ಥಿಗಳು ಗುರುತಿಸಿಟ್ಟುಕೊಳ್ಳಬೇಕು. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಚಿತ್ರಕಾರನು ಶಿಲ್ಪಿಯಾದುದು ಒಂದು ದಿನದಲ್ಲಿ ಅಲ್ಲ. ಗುರು ಯಾನ್ ಮತುಲ್ಕನಿಂದ ಕ್ಯೂಬಿಸಂ ಪಂಥದ ಪಾಠವಾದ ಮೇಲೆ ಸ್ಮಿತ್ತನು ಚಿತ್ರಪಟದ ಮೇಲೆ ಮರ, ತಗಡು ಮೊದಲಾದ ವಸ್ತುಗಳನ್ನು ಅಂಟಿಸತೊಡಗಿದನು. ಅಂಟಿಸಿದುದು ದಪ್ಪವಾಗುತ್ತ ಹೋಗಿ, ಚಿತ್ರಪಟವೇ ಶಿಲ್ಪಕ್ಕೆ ಪೀಠದಂತಾಯಿತು. ಆ ವೇಳೆಗೆ ಗೆಳೆಯ ಜಾನ್ ಗ್ರಹಾಮನು ಫ್ರಾನ್ಸಿನ ಒಂದು ಕಲಾಪತ್ರಿಕೆಯಲ್ಲಿ ಅಚ್ಚಾಗಿದ್ದ ಪಿಕಾಸೊ ಮತ್ತು ಹೂಲಿಯೊ ಗೊನ್ಸಾಲೆಸರ ಬೆಸುಗೆಯ ಶಿಲ್ಪಗಳ ಛಾಯಾಚಿತ್ರಗಳನ್ನು ತೋರಿಸಿದನು. ಸ್ಪೇನಿನ ಬಾರ್ಸಿಲೋನದ ಲೋಹಗಾರರ ಮನೆತನದಲ್ಲಿ ಹುಟ್ಟಿದ ಗೊನ್ಸಾಲೆಸನು 1918ರಲ್ಲಿ ಪ್ಯಾರಿಸಿನ ಬಳಿಯ ರೆನೊ ಕಾರ್ಖಾನೆಯಲ್ಲಿ ಅನಿಲಜ್ವಾಲೆಯ ಬೆಸುಗೆಯನ್ನು ಕಲಿತು, 1928ರಿಂದ ಪಿಕಾಸೊನಿಗೆ ಅದನ್ನು ಕಲಿಸಿಕೊಟ್ಟವನು. ಕಾರ್ಖಾನೆಯ ಕೂಲಿಯು ಕಲೆಯ ಭಾಷೆಯಾಗಬಲ್ಲುದೆಂಬ ಭರವಸೆ ಸ್ಮಿತ್ತನಿಗೆ ದೊರೆತುದು ಆ ಛಾಯಾಚಿತ್ರಗಳಿಂದ. ಈ ಋಣವನ್ನು ಅವನು ಮರೆಯಲಿಲ್ಲ. 1956ರಲ್ಲಿ ಗೊನ್ಸಾಲೆಸನನ್ನು ಕುರಿತು ಲೇಖನವೊಂದನ್ನು ಬರೆದು, ಜ್ವಾಲೆಯ ಮೊದಲ ಆಚಾರ್ಯನೆಂದು ಅವನನ್ನು ಗೌರವಿಸಿದನು.

ಇಲ್ಲಿ ವಿಧಾನದ ವ್ಯತ್ಯಾಸವನ್ನು ಸ್ವಲ್ಪ ವಿಶದಪಡಿಸಬೇಕು. ಲೋಹದ ಮೂರ್ತಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಎರಕ. ಮೇಣದಲ್ಲಿ ರೂಪವನ್ನು ಮಾಡಿ, ಮಣ್ಣಿನಿಂದ ಮುಚ್ಚಿ, ಮೇಣವನ್ನು ಕರಗಿಸಿ ಹೊರಗೆ ಹರಿಸಿ, ಆ ಬರಿದಾದ ಜಾಗದಲ್ಲಿ ಲೋಹವನ್ನು ಹೊಯ್ಯುವ ಈ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದಲ್ಲಿಯೇ ವಿವರಿಸಿರುವುದು ವಾಚಕರಿಗೆ ತಿಳಿದದ್ದೇ. ಎರಕದಲ್ಲಿ ರೂಪವು ಮೊದಲು, ಲೋಹವು ಅನಂತರ. ಲೋಹವು ಕರಗಿ ಬರುವ ಹೊತ್ತಿಗೆ ಕಲಾವಿದನ ನಿರ್ಧಾರಗಳಲ್ಲಿ ಹೆಚ್ಚಿನವು ಮುಗಿದಿರುತ್ತವೆ. ಬೆಸುಗೆಯಲ್ಲಿ ಹಾಗಲ್ಲ. ಸರಳು, ತಗಡು, ತುಂಡು, ಸಲಾಕೆಗಳು ಮೊದಲೇ ಎದುರಿಗೆ ಬಿದ್ದಿರುತ್ತವೆ. ಒಂದನ್ನು ಇನ್ನೊಂದಕ್ಕೆ ತಾಗಿಸಿ ನೋಡಿ, ಒಪ್ಪದಿದ್ದರೆ ಕತ್ತರಿಸಿ, ಮತ್ತೊಂದೆಡೆ ಹಚ್ಚುತ್ತ ಹೋಗಬಹುದು. ಕೆತ್ತನೆಯು ಕಳೆಯುವ ಕಲೆಯಾದರೆ ಇದು ಕೂಡುವ ಕಲೆ. ತುಂಡುಗಳ ನಡುವಿನ ತೆರವೂ ಇದರಲ್ಲಿ ರೂಪದ ಒಂದು ಭಾಗವೇ ಆಗುತ್ತದೆ.

1929ರಲ್ಲಿ ಸ್ಮಿತ್ತನೂ ಅವನ ಪತ್ನಿ ಡೊರೊತಿ ಡೇನರಳೂ ನ್ಯೂಯಾರ್ಕ್ ಪ್ರಾಂತದ ಉತ್ತರದಲ್ಲಿ, ಲೇಕ್ ಜಾರ್ಜ್ ಎಂಬ ಸರೋವರದ ಬಳಿ, ಬೋಲ್ಟನ್ ಲ್ಯಾಂಡಿಂಗಿನಲ್ಲಿ ಒಂದು ಹಳೆಯ ಹೊಲಮನೆಯನ್ನು ಕೊಂಡರು. ನಗರದಲ್ಲಿ ಕೆಲಸ ಮಾಡಲು ಅವನಿಗೆ ಸಿಕ್ಕಿದ ಸ್ಥಳವು ಬ್ರೂಕ್ಲಿನ್ ಹಡಗುಕಟ್ಟೆಯ ಟರ್ಮಿನಲ್ ಐರನ್ ವರ್ಕ್ಸ್ ಎಂಬ ಕಬ್ಬಿಣದ ಕಾರ್ಖಾನೆ. ಹಡಗಿನ ದುರಸ್ತಿಯವರ ನಡುವೆ ಒಂದು ಮೂಲೆಯಲ್ಲಿ ಅವನ ಶಿಲ್ಪಗಳು ಬೆಳೆದವು. 1940ರಲ್ಲಿ ಬೋಲ್ಟನ್ನಿನಲ್ಲಿಯೇ ನೆಲೆಸಿ ಸ್ವಂತ ಕಮ್ಮಟವನ್ನು ಕಟ್ಟಿದಾಗ ಅದಕ್ಕೂ ಆ ಕಾರ್ಖಾನೆಯ ಹೆಸರನ್ನೇ ಇಟ್ಟನು. ಕಲಾಶಾಲೆಯೆಂದು ಕರೆಯುವುದಕ್ಕಿಂತ ಈ ಹೆಸರೇ ತನ್ನ ಮೂಲಕ್ಕೂ ವಿಧಾನಕ್ಕೂ ಹೆಚ್ಚು ಒಪ್ಪುತ್ತದೆಂಬುದು ಅವನ ಸಮರ್ಥನೆ.

ಆ ನಡುವಿನ ಒಂದು ಅಧ್ಯಾಯವನ್ನು ಇತಿಹಾಸದ ವಿದ್ಯಾರ್ಥಿಗಳು ಕಡೆಗಣಿಸಬಾರದು. 1935-36ರ ಯೂರೋಪ್ ಪ್ರವಾಸದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಸುಮೇರಿಯನ್ ಮುದ್ರೆಗಳನ್ನೂ, ಮೊದಲನೆಯ ಮಹಾಯುದ್ಧ ಕಾಲದ ಜರ್ಮನ್ ಪದಕಗಳನ್ನೂ ನೋಡಿಬಂದ ಸ್ಮಿತ್ತನು 1937ರಿಂದ 1940ರವರೆಗೆ ‘ಅಪಕೀರ್ತಿಯ ಪದಕಗಳು’ ಎಂಬ 15 ಕಂಚಿನ ಪದಕಗಳನ್ನು ರಚಿಸಿದನು. ಮದ್ದುಗುಂಡು ತಯಾರಕರು, ವಿಷಾನಿಲ, ನಾಗರಿಕರ ಮೇಲೆ ಬಾಂಬು, ಇವೇ ವಿಷಯಗಳು. ಶಿಲ್ಪವಾಗಿ ಅವು ಪೂರ್ಣ ಸಫಲವೆಂದು ನಮಗೆ ತೋರುವುದಿಲ್ಲ; ಅಂಗೈಯಗಲದಲ್ಲಿ ಹೇಳಬೇಕಾದುದಕ್ಕಿಂತ ಹೆಚ್ಚನ್ನು ತುರುಕಲಾಗಿದೆ, ಕೋಪವು ರೇಖೆಯನ್ನು ಮೀರಿದೆ. ವಿಪರ್ಯಾಸವೆಂದರೆ 1942ರಿಂದ 1944ರವರೆಗೆ ಇದೇ ಮನುಷ್ಯನು ಸ್ಕೆನೆಕ್ಟಡಿ ನಗರದ ಅಮೆರಿಕನ್ ಲೋಕೋಮೋಟಿವ್ ಕಂಪೆನಿಯಲ್ಲಿ ಉಗಿಬಂಡಿಗಳನ್ನೂ ಯುದ್ಧದ ಟ್ಯಾಂಕುಗಳನ್ನೂ ಬೆಸೆಯುವ ಕೆಲಸಕ್ಕೆ ನಿಂತನು. ಇದನ್ನು ತತ್ತ್ವಭ್ರಷ್ಟತೆಯೆಂದು ಹಳಿಯುವುದು ಸುಲಭ. ಫ್ಯಾಸಿಸ್ಟ್ ಶಕ್ತಿಗಳನ್ನು ಎದುರಿಸಿದ ಯುದ್ಧವನ್ನು ಹಿಂದಿನ ಯುದ್ಧಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗದವರು ಆಗ ಅವನೊಬ್ಬನೇ ಅಲ್ಲವೆಂಬುದನ್ನು ನೆನೆದರೆ ಸಾಕು. ನಮ್ಮ ವಿಷಯಕ್ಕೆ ಮುಖ್ಯವಾದುದು ಬೇರೆ: ದೊಡ್ಡ ಪ್ರಮಾಣದ ಉಕ್ಕನ್ನು ನಿರ್ಭಯವಾಗಿ ನಿರ್ವಹಿಸುವ ಕೈ ಅವನಿಗೆ ಒದಗಿಬಂದುದು ಆ ರಾತ್ರಿಪಾಳಿಗಳಲ್ಲಿ.

ಯುದ್ಧಾನಂತರದ ಹತ್ತು ವರ್ಷಗಳ ಕೃತಿಗಳೇ ಅವನ ಸಾಧನೆಯ ತಿರುಳೆಂದು ನಾವು ತಿಳಿಯುತ್ತೇವೆ. 1950 ಮತ್ತು 1951ರಲ್ಲಿ ದೊರೆತ ಗುಗೆನ್‌ಹೈಮ್ ಸಹಾಯವೇತನದಿಂದ ಉಕ್ಕನ್ನು ಧಾರಾಳವಾಗಿ ಕೊಂಡಿಡಲು ಸಾಧ್ಯವಾಯಿತು. 1951ರ ‘ಹಡ್ಸನ್ ನದಿಯ ದೃಶ್ಯ’ವನ್ನು ನೋಡಿ. ಆಲ್ಬನಿಗೂ ಪೊಕಿಪ್ಸಿಗೂ ನಡುವೆ ನದಿಯ ದಂಡೆಯುದ್ದಕ್ಕೂ ಓಡುವ ರೈಲಿನಲ್ಲಿ ಹತ್ತಾರು ಸಲ ಪ್ರಯಾಣ ಮಾಡುತ್ತ ಅವನು ಎಳೆದ ರೇಖಾಚಿತ್ರಗಳು ಅದರ ಬೀಜ. ಚಿತ್ರಿಸುತ್ತಿರುವಾಗ ಅಲುಗಿಸಿದ ಸೀಸೆಯಿಂದ ಹಾರಿದ ಮಸಿಯೂ, ಆ ಮಸಿಯ ಮೇಲೆ ಊರಿದ ಅಂಗೈಯೂ ಆ ದೃಶ್ಯದೊಳಗೆ ಸೇರಿದುವೆಂದು ಅವನೇ ವಿವರಿಸಿದ್ದಾನೆ. ಕೊನೆಗೆ ರೂಪುಗೊಂಡುದು ನದಿಯೂ ಅಲ್ಲ, ಬೆಟ್ಟವೂ ಅಲ್ಲ. ಉಕ್ಕಿನ ಸರಳುಗಳು ಗಾಳಿಯಲ್ಲಿ ಬರೆದ ಒಂದು ಬರವಣಿಗೆ. ಮೆಟ್ಟಿಲಿನಂಥ ಗೆರೆ, ಮೋಡದಂಥ ಸುತ್ತು, ತಟ್ಟನೆ ತಿರುವಿ ಮುರಿದ ಒಂದು ಕೊನೆ. ಓಡುವ ಬಂಡಿಯ ಕಿಟಕಿಯಲ್ಲಿ ಕಂಡು ಮಾಯವಾಗುವ ನೋಟವನ್ನು ಹೊಯ್ದ ಲೋಹವು ಹಿಡಿಯಲಾರದು. ಈ ಕೃತಿಯು ಈಗ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿದೆ. ಅದೇ ವರ್ಷದ ‘ಆಸ್ಟ್ರೇಲಿಯ’ವೂ ಹೀಗೆಯೇ, ಎದುರಿನಿಂದ ನೋಡಿದಾಗ ರೇಖಾಚಿತ್ರ, ಪಕ್ಕಕ್ಕೆ ಸರಿದರೆ ಒಂದೇ ಗೆರೆಯಾಗಿ ಕುಗ್ಗುವುದು. ಇದನ್ನು ಶಿಲ್ಪದ ಕೊರತೆಯೆಂದು ಎಣಿಸುವವರಿದ್ದಾರೆ. ಶಿಲ್ಪವನ್ನು ಚಿತ್ರದಂತೆ ಎದುರು ನಿಂತು ನೋಡಬೇಕೆಂದೇ ಶಿಲ್ಪಿಯು ಅಪೇಕ್ಷಿಸಿದಾಗ ಆ ಆಕ್ಷೇಪಣೆಗೆ ಬಲವಿಲ್ಲ.

‘ಅಗ್ರಿಕೋಲ’ ಮಾಲೆಯಲ್ಲಿ ಹಳೆಯ ಬೇಸಾಯದ ಉಪಕರಣಗಳ ತುಂಡುಗಳು ನಿಂತ ಮನುಷ್ಯರಾಗುತ್ತವೆ. ಆ ಲ್ಯಾಟಿನ್ ಪದಕ್ಕೆ ಒಕ್ಕಲಿಗನೆಂದೇ ಅರ್ಥ. ‘ಟ್ಯಾಂಕ್‌ಟೋಟೆಮ್’ ಮಾಲೆಗೆ ಅವನು ಬಾಯ್ಲರುಗಳ ಮುಚ್ಚಳದಂಥ ಬಾಗಿದ ತಟ್ಟೆಗಳನ್ನು ಕಾರ್ಖಾನೆಗಳಿಂದ ಸಿದ್ಧವಾಗಿಯೇ ತರಿಸಿಕೊಂಡನು. ನೆಲದ ಮೇಲೆ ಬಿಳಿಯ ಬಣ್ಣ ಬಳಿದ ಚೌಕಗಳಲ್ಲಿ ತುಂಡುಗಳನ್ನು ಹರಡಿ, ಮೇಲಿನಿಂದ ನೋಡುತ್ತ, ಸರಿಸುತ್ತ, ಒಪ್ಪಿದಾಗ ಅಲ್ಲಲ್ಲಿ ಬೆಸುಗೆಯ ಚುಕ್ಕೆ ಇಟ್ಟು, ಆಮೇಲೆ ಎತ್ತಿ ನಿಲ್ಲಿಸುವುದು ಅವನ ವಾಡಿಕೆ. 1950ರ ದಶಕದ ಕೊನೆಯಲ್ಲಿ ಈ ವಾಡಿಕೆಯೇ ಒಂದು ಹೊಸ ಚಿತ್ರಪ್ರಕಾರಕ್ಕೆ ಎಡೆಗೊಟ್ಟಿತು. ಕಾಗದದ ಮೇಲೆ ತುಂಡುಗಳನ್ನು ಇಟ್ಟು, ಸಿಂಪಡಿಸುವ ಬಣ್ಣವನ್ನು ಅವುಗಳ ಮೇಲೆ ಹಾಯಿಸಿ, ತುಂಡುಗಳನ್ನು ತೆಗೆದರೆ ಅವುಗಳ ಬಿಳಿಯ ನೆರಳು ಉಳಿಯುತ್ತದೆ. ವಸ್ತುವಿದ್ದಲ್ಲಿ ಬರಿದು, ಬರಿದಿದ್ದಲ್ಲಿ ಬಣ್ಣ. ಇಂಥ ಚಿತ್ರಗಳನ್ನು ನೂರಾರು ಬರೆದವನಿಗೆ ಬಿಳುಪು ಎಂಬುದು ಬಣ್ಣದ ಅಭಾವವಾಗಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಡುತ್ತೇವೆ.

ಸ್ಮಿತ್ತನ ಸುತ್ತ ಒಂದು ಐತಿಹ್ಯ ಬೆಳೆದಿದೆ: ಕಾಡಿನಂಚಿನಲ್ಲಿ ಒಂಟಿಯಾಗಿ ಬೆಂಕಿಯೊಡನೆ ಹೋರುವ ಕಮ್ಮಾರನ ಐತಿಹ್ಯ. ತನ್ನ ಪೂರ್ವಿಕರಲ್ಲಿ ಕಮ್ಮಾರನೊಬ್ಬನಿದ್ದನೆಂದು ಹೇಳಿಕೊಳ್ಳುತ್ತ ಅವನೂ ಇದನ್ನು ಪೋಷಿಸಿದನು. ಆದರೆ ಒಂಟಿತನದ ಈ ಕಥೆಯಲ್ಲಿ ಡೊರೊತಿ ಡೇನರಳಿಗೆ ಸ್ಥಳವಿಲ್ಲ. ಮೊದಮೊದಲು ವಿದ್ಯುತ್ತೂ ನಲ್ಲಿಯ ನೀರೂ ಇಲ್ಲದಿದ್ದ ಆ ಹೊಲಮನೆಯ ಸಂಸಾರವನ್ನು ನಡೆಸಿದ ಆಕೆಯೂ ಕಲಾವಿದೆ. 1950ರಲ್ಲಿ ಆಕೆ ಅವನನ್ನು ಬಿಟ್ಟುಹೋದಳು, 1952ರಲ್ಲಿ ವಿಚ್ಛೇದನವಾಯಿತು. ಆಕೆ ಶಿಲ್ಪವನ್ನು ಕೈಗೆತ್ತಿಕೊಂಡುದು ಅನಂತರವೇ, ಐವತ್ತರ ಹತ್ತಿರದ ವಯಸ್ಸಿನಲ್ಲಿ. ಒಂದು ಮನೆಯಲ್ಲಿ ಇಬ್ಬರು ಶಿಲ್ಪಿಗಳಿಗೆ ಎಡೆಯಿರಲಿಲ್ಲವೆಂಬುದನ್ನು ಈ ಕಾಲಾನುಕ್ರಮವೇ ಹೇಳುತ್ತದೆ. ನಾವು ಹೆಚ್ಚು ವಿಸ್ತರಿಸಬೇಕಾಗಿಲ್ಲ.

1962ರಲ್ಲಿ ಇಟಲಿಯ ಸ್ಪೊಲೇಟೊ ಉತ್ಸವಕ್ಕಾಗಿ ಒಂದೆರಡು ಶಿಲ್ಪಗಳನ್ನು ಮಾಡಿಕೊಡಬೇಕೆಂದು ಅವನಿಗೆ ಆಹ್ವಾನ ಬಂದಿತು. ಜೆನೋವದ ಬಳಿಯ ವೋಲ್ಟ್ರಿಯಲ್ಲಿ ಮುಚ್ಚಿಹೋಗಿದ್ದ ಉಕ್ಕಿನ ಕಾರ್ಖಾನೆಯನ್ನೂ ಕೆಲವು ಮಂದಿ ಕೆಲಸಗಾರರನ್ನೂ ಇಟಾಲ್ಸಿಡೇರ್ ಸಂಸ್ಥೆಯು ಅವನ ವಶಕ್ಕೆ ಕೊಟ್ಟಿತು. 30 ದಿನಗಳಲ್ಲಿ 27 ಶಿಲ್ಪಗಳು ಸಿದ್ಧವಾದವು! ಕೆಲಸಗಾರರು ಬಿಟ್ಟುಹೋಗಿದ್ದ ಇಕ್ಕಳಗಳು, ಚಕ್ರಗಳು, ತಗಡಿನ ಅಂಚುಗಳು ಅವುಗಳಲ್ಲಿ ಸೇರಿದುವು. ಬಹುಪಾಲು ಕೃತಿಗಳನ್ನು ಸ್ಪೊಲೇಟೊದ ಪ್ರಾಚೀನ ರೋಮನ್ ರಂಗಸ್ಥಳದ ಕಲ್ಲಿನ ಮೆಟ್ಟಿಲುಗಳ ಮೇಲೆ ನಿಲ್ಲಿಸಲಾಯಿತು. ಇಲ್ಲಿ ಬಣ್ಣವಿಲ್ಲ, ಮುಚ್ಚಿದ ಕಾರ್ಖಾನೆಯ ಉಕ್ಕು ತನ್ನ ಹಳೆಯ ಮೈಯನ್ನೇ ತೋರಿಸುತ್ತದೆ. ಎಲ್ಲಿ ಬಣ್ಣ ಬೇಕು, ಎಲ್ಲಿ ಬೇಡವೆಂಬುದನ್ನು ಅವನು ಪ್ರತಿಸಲವೂ ಯೋಚಿಸಿಯೇ ನಿರ್ಧರಿಸುತ್ತಿದ್ದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ‘ಕ್ಯೂಬಿ’ ಮಾಲೆಯ 28 ಕೃತಿಗಳಲ್ಲಿಯಾದರೋ ಮತ್ತೊಂದು ದಾರಿ. ರಟ್ಟಿನ ಪೆಟ್ಟಿಗೆಗಳನ್ನು ಒಂದಕ್ಕೊಂದು ಅಂಟಿಸಿ ಮಾದರಿಯನ್ನು ನೋಡಿಕೊಂಡು, ಸ್ಟೇನ್‌ಲೆಸ್ ಉಕ್ಕಿನ ಟೊಳ್ಳು ಪೆಟ್ಟಿಗೆಗಳನ್ನು ಬೆಸೆದು, ಅವುಗಳ ಮೈಮೇಲೆ ಸಾಣೆಯ ಯಂತ್ರವನ್ನು ಕುಂಚದಂತೆ ಆಡಿಸಿದ್ದಾನೆ. ಆ ಸುಳಿಗೆರೆಗಳು ಮುಂಜಾನೆಯ ಬೆಳಕನ್ನೊಂದು ಬಗೆಯಾಗಿ, ಸಂಜೆಯ ಬೆಳಕನ್ನೊಂದು ಬಗೆಯಾಗಿ ಹಿಡಿಯುತ್ತವೆ. ಈ ಮಾಲೆಯಲ್ಲಿ ಕೆಲವು ಕೇವಲ ಸಮತೋಲದ ಚಮತ್ಕಾರವಾಗಿ ನಿಂತುಬಿಟ್ಟಿವೆಯೆಂಬುದು ನಮ್ಮ ಅಭಿಪ್ರಾಯ. 1951ರ ಕೃತಿಗಳ ಆರ್ದ್ರತೆ ಇವಕ್ಕಿಲ್ಲ. ಆದರೆ ಮಾರುಕಟ್ಟೆಯ ತೀರ್ಪು ಬೇರೆ: 2005ರಲ್ಲಿ ಮಾಲೆಯ ಕೊನೆಯ ಕೃತಿಯು ಹರಾಜಿನಲ್ಲಿ 2.38 ಕೋಟಿ ಡಾಲರಿಗೆ ಹೋಯಿತು.

1965ರ ಮೇ 23ರಂದು ವರ್ಮಾಂಟ್ ಪ್ರಾಂತದ ಬೆನಿಂಗ್ಟನ್ನಿನ ಬಳಿ ಟ್ರಕ್ಕಿನ ಅಪಘಾತದಲ್ಲಿ ಸ್ಮಿತ್ತನು ಮರಣ ಹೊಂದಿದನು. ಬೋಲ್ಟನ್ನಿನ ಹೊಲಗಳಲ್ಲಿ ಆಗ ಹತ್ತಾರು ಶಿಲ್ಪಗಳು ಬಯಲಿನಲ್ಲಿ ನಿಂತಿದ್ದವು. ಅವುಗಳಲ್ಲಿ ಕೆಲವಕ್ಕೆ ಬಿಳಿಯ ಬಣ್ಣ ಬಳಿದಿತ್ತು. ಉಯಿಲಿನ ನಿರ್ವಾಹಕರು ಮೂವರು: ಪ್ರಸಿದ್ಧ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್, ಚಿತ್ರಕಾರ ರಾಬರ್ಟ್ ಮದರ್‌ವೆಲ್ ಮತ್ತು ಒಬ್ಬ ವಕೀಲರು. ಗ್ರೀನ್‌ಬರ್ಗ್ ಅವರು 1940ರ ದಶಕದಿಂದಲೇ ಸ್ಮಿತ್ತನ ಹಿರಿಮೆಯನ್ನು ಸಾರಿದವರು. ಜೊತೆಗೆ ಅವನ ಬಣ್ಣಗಾರಿಕೆಯನ್ನು ಮೆಚ್ಚದವರು. ಪ್ರತಿಯೊಂದು ಕಲೆಯೂ ತನ್ನ ಮಾಧ್ಯಮಕ್ಕೆ ಸಹಜವಾದುದನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿಡಬೇಕೆಂಬುದು ಅವರ ಸಿದ್ಧಾಂತ. ಆ ಸಿದ್ಧಾಂತದ ಕಣ್ಣಿಗೆ ಬಣ್ಣವು ಚಿತ್ರಕಲೆಯ ಸ್ವತ್ತು, ಉಕ್ಕಿನ ಮೇಲೆ ಅದು ಅತಿಕ್ರಮಣ. ಅವರ ಮೇಲ್ವಿಚಾರಣೆಯ ಕಾಲದಲ್ಲಿ ಕೆಲವು ಶಿಲ್ಪಗಳ ಬಣ್ಣವನ್ನು ತೆಗೆಯಲಾಯಿತು. ಕೆಲವು ಮಳೆ ಹಿಮಗಳಿಗೆ ಸಿಕ್ಕಿ ತುಕ್ಕು ಹಿಡಿಯುವಂತಾಯಿತು. 1974ರಲ್ಲಿ ರೋಸಲಿಂಡ್ ಕ್ರೌಸ್ ಅವರು ‘ಆರ್ಟ್ ಇನ್ ಅಮೆರಿಕ’ ಪತ್ರಿಕೆಯಲ್ಲಿ ಹಿಂದಿನ ಮತ್ತು ಇಂದಿನ ಸ್ಥಿತಿಯ ಛಾಯಾಚಿತ್ರಗಳೊಡನೆ ಇದನ್ನು ಬಯಲಿಗೆ ತಂದರು. ಕ್ರೌಸ್ ಅವರು ಸ್ಮಿತ್ತನ ಕೃತಿಗಳ ಸಮಗ್ರ ಸೂಚಿಯನ್ನೂ ಸಿದ್ಧಪಡಿಸಿದ ವಿದ್ವಾಂಸರು.

ಪ್ರತಿವಾದವನ್ನು ನ್ಯಾಯವಾಗಿ ಮಂಡಿಸಬೇಕು. ಬಿಳುಪು ಅಡಿಬಣ್ಣ ಮಾತ್ರ. ಶಿಲ್ಪಿಯು ಅದರ ಮೇಲೆ ಇನ್ನೇನೋ ಬಣ್ಣವನ್ನು ಹಚ್ಚುವವನಿದ್ದನು. ಮುಗಿಯದ ಕೃತಿಯ ಅಡಿಬಣ್ಣವನ್ನು ತೆಗೆದರೆ ಶಿಲ್ಪಿಯ ಇಚ್ಛೆಗೆ ಭಂಗವಿಲ್ಲ ಎಂಬುದು ಅದರ ತಿರುಳು. ಮೊದಲನೆಯ ಮಾತು ಕೆಲವು ಕೃತಿಗಳ ಮಟ್ಟಿಗೆ ನಿಜವಿರಬಹುದು. ಆದರೆ ಅದರಿಂದ ಮೂರನೆಯ ಮಾತು ಹುಟ್ಟುವುದಿಲ್ಲ. ಅಡಿಬಣ್ಣವು ಮುಂದೆ ಬರಬೇಕಾದ ಬಣ್ಣಕ್ಕೆ ಸಾಕ್ಷಿ; ಅದನ್ನು ತೆಗೆದು ಬರಿಯ ಉಕ್ಕನ್ನು ತೋರಿಸಿದರೆ, ಶಿಲ್ಪಿಯು ಎಂದೂ ಇಚ್ಛಿಸದ ಮೂರನೆಯ ಸ್ಥಿತಿಯೊಂದು ಸೃಷ್ಟಿಯಾಗುತ್ತದೆ. ಶಾಸನವೊಂದರಲ್ಲಿ ಕೊನೆಯ ಸಾಲು ಅಪೂರ್ಣವಾಗಿದ್ದರೆ ನಾವು ಇರುವಷ್ಟನ್ನು ಓದಿ ಬಿಟ್ಟುಹೋದುದನ್ನು ಚುಕ್ಕೆಗಳಿಂದ ಸೂಚಿಸುತ್ತೇವಲ್ಲದೆ, ಕಲ್ಲು ನುಣುಪಾಗಲೆಂದು ಆ ಸಾಲನ್ನೇ ಉಜ್ಜಿಹಾಕುವುದಿಲ್ಲ. ಮೇಲಾಗಿ 1960ರ ಪತ್ರವು ಅಚ್ಚಾಗಿ ಎಲ್ಲರಿಗೂ ತಿಳಿದಿದ್ದಿತು. ಬಣ್ಣ ಹೋದ ಕೃತಿಯು ತನ್ನದಲ್ಲವೆಂದು ಬಹಿರಂಗವಾಗಿ ಹೇಳಿದವನ ಸ್ವತ್ತಿನ ವಿಷಯದಲ್ಲಿ ಸಂದೇಹದ ಪ್ರಯೋಜನವು ಬಣ್ಣಕ್ಕೆ ಸಲ್ಲಬೇಕಾಗಿದ್ದಿತು.

ಇತಿಹಾಸದಲ್ಲಿ ಇದಕ್ಕೆ ಹತ್ತಿರದ ಉದಾಹರಣೆಯೊಂದಿದೆ. ಗ್ರೀಕರ ಅಮೃತಶಿಲೆಯ ಮೂರ್ತಿಗಳು ಮೂಲದಲ್ಲಿ ಬಣ್ಣದವು. ಶತಮಾನಗಳ ಬಿಸಿಲು ಮಳೆಗಳು ಬಣ್ಣವನ್ನು ಕಳೆದುವು. ಯೂರೋಪಿನ ರಸಿಕರು ಉಳಿದ ಬಿಳುಪನ್ನೇ ಗ್ರೀಕ್ ಆದರ್ಶವೆಂದು ಪೂಜಿಸಿದರು. 1937-38ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪಾರ್ಥೆನಾನ್ ಶಿಲ್ಪಗಳನ್ನು ಇನ್ನೂ ಬೆಳ್ಳಗಾಗಿಸಲೆಂದು ತಾಮ್ರದ ಉಪಕರಣಗಳಿಂದ ಕೆರೆದು, ಅವುಗಳ ಪ್ರಾಚೀನ ಮೇಲ್ಮೈಗೆ ಹಾನಿ ಮಾಡಿದ ಕಥೆ ಪ್ರಸಿದ್ಧವಾದುದು. ಅಲ್ಲಿ ಬಿಳುಪಿಗಾಗಿ ಕೆರೆದರು, ಇಲ್ಲಿ ಬಿಳುಪನ್ನೇ ಕೆರೆದರು. ಎರಡು ಕಡೆಯೂ ಕೈಯಾಡಿಸಿದುದು ವಸ್ತುವಿನ ಶುದ್ಧತೆ ಎಂಬ ಒಂದೇ ಭ್ರಮೆ.

ಸ್ಮಿತ್ತನ ಬಣ್ಣಗಳೆಲ್ಲ ಸುಂದರವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಕೆಲವು ಕೃತಿಗಳಲ್ಲಿ ಬಣ್ಣವು ಆಕೃತಿಯೊಡನೆ ಜಗಳವಾಡುತ್ತದೆ. ಸಮತಟ್ಟಾದ ತಗಡಿನ ಮೇಲೆ ಒರಟು ಕುಂಚದ ಗುರುತುಗಳು ತಗಡನ್ನು ತೆಳ್ಳಗಾಗಿಸಿ ತೋರಿಸುತ್ತವೆ. ಆದರೆ 1962ರ ‘ಸರ್ಕಲ್’ ಎಂಬ ಮೂರು ಕೃತಿಗಳಲ್ಲಿ, ಒಂದು ಬಳೆಯ ಮೂಲಕ ಇನ್ನೊಂದು ಬಳೆಯನ್ನು ಕಾಣುವಂತೆ ಅವನ್ನು ಸಾಲಾಗಿ ನಿಲ್ಲಿಸಿದಾಗ, ದೂರವನ್ನು ಅಳೆಯುವುದು ಬಣ್ಣವೇ. ಅಲ್ಲಿ ಬಣ್ಣವನ್ನು ತೆಗೆದರೆ ಉಳಿಯುವುದು ಕಬ್ಬಿಣದ ಮೂರು ಚಕ್ರಗಳು. ಚಿತ್ರಪಟದಿಂದ ಹೊರಟು, ಅದನ್ನು ದಪ್ಪವಾಗಿಸುತ್ತ ಶಿಲ್ಪಕ್ಕೆ ಬಂದವನು ಚಿತ್ರವನ್ನು ಹಿಂದೆ ಬಿಟ್ಟುಬರಲಿಲ್ಲ. ಚಿತ್ರ ಶಿಲ್ಪಗಳ ನಡುವಣ ಗೆರೆಯನ್ನು ಒಪ್ಪದವನನ್ನು ಆ ಗೆರೆಯ ಹೆಸರಿನಲ್ಲಿಯೇ ತಿದ್ದಿದುದು ನಮಗೆ ವಿಮರ್ಶೆಯಾಗಿ ತೋರುವುದಿಲ್ಲ. ವಿಮರ್ಶಕನಿಗೆ ಬಣ್ಣವನ್ನು ಖಂಡಿಸುವ ಹಕ್ಕುಂಟು, ಅಳಿಸುವ ಹಕ್ಕಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಈ ಶಿಲ್ಪಗಳು ದೊರೆಯುವುದು ಬಹುಮಟ್ಟಿಗೆ ಪುಸ್ತಕಗಳ ಚಿತ್ರಗಳ ಮೂಲಕ. ಹಳೆಯ ಪುಸ್ತಕಗಳಲ್ಲಿ ಅವು ಕಪ್ಪು ಬಿಳುಪಿನವು. ಅವುಗಳಲ್ಲಿ ಕೆಂಪು ಬಳಿದ ಉಕ್ಕೂ ಬರಿಯ ಉಕ್ಕೂ ಒಂದೇ ಬೂದುಬಣ್ಣ. ಸ್ಮಿತ್ತನು ತನ್ನ ಕೃತಿಗಳ ಛಾಯಾಚಿತ್ರಗಳನ್ನು ತಾನೇ ತೆಗೆಯುತ್ತಿದ್ದನು, ಕ್ಯಾಮರಾವನ್ನು ನೆಲಕ್ಕೆ ತಗ್ಗಿಸಿ, ಹಿನ್ನೆಲೆಯಲ್ಲಿ ಬೆಟ್ಟ, ಸರೋವರ ಅಥವಾ ಆಕಾಶ ಬರುವಂತೆ. ಆದ್ದರಿಂದ ಯಾವ ಚಿತ್ರ ಅವನ ಜೀವಿತಕಾಲದ್ದು, ಯಾವುದು 1965ರ ಈಚಿನದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ಮೇಲ್ಮೈಯನ್ನು ಕುರಿತು ಒಂದು ಮಾತನ್ನೂ ಬರೆಯಬಾರದು. ಈ ಎಚ್ಚರಕ್ಕೆ ಅವನೇ ಸ್ವಲ್ಪ ನೆರವು ನೀಡಿದ್ದಾನೆ: ಅನೇಕ ಕೃತಿಗಳ ಮೇಲೆ ಹೆಸರನ್ನೂ ಗ್ರೀಕ್ ಲಿಪಿಯ ಡೆಲ್ಟ ಸಿಗ್ಮಗಳನ್ನೂ, ತೇದಿಯನ್ನೂ ಬೆಸುಗೆಯಿಂದಲೇ ಬರೆದಿದ್ದಾನೆ. ಕಾಲನಿರ್ಣಯಕ್ಕಾಗಿ ಲಿಪಿಯ ವಕ್ರರೇಖೆಗಳನ್ನು ಹಿಡಿದು ಹೆಣಗುವ ನಮ್ಮಂಥವರಿಗೆ ಇದು ಅಸೂಯೆ ಹುಟ್ಟಿಸುವ ಔದಾರ್ಯ.

2017ರಲ್ಲಿ ನ್ಯೂಯಾರ್ಕ್ ಪ್ರಾಂತದ ಸ್ಟಾರ್ಮ್ ಕಿಂಗ್ ಬಯಲು ಸಂಗ್ರಹಾಲಯದಲ್ಲಿ ಸ್ಮಿತ್ತನ ಬಿಳಿಯ ಶಿಲ್ಪಗಳದ್ದೇ ಒಂದು ಪ್ರದರ್ಶನ ಏರ್ಪಟ್ಟಿತು. ಅದೇ ಸಂಸ್ಥೆಯು 1967ರಲ್ಲಿ ಅವನ 13 ಕೃತಿಗಳನ್ನು ಒಟ್ಟಿಗೆ ಕೊಂಡು ತನ್ನ ಸಂಗ್ರಹಕ್ಕೆ ಬುನಾದಿ ಹಾಕಿಕೊಂಡದ್ದು. ಅರ್ಧ ಶತಮಾನದ ಹಿಂದೆ ಕುಂದೆಂದು ಎಣಿಸಿದ ಬಿಳುಪನ್ನೇ ವಿಷಯವಾಗಿ ಹಿಡಿದು ಜನರನ್ನು ಕರೆದದ್ದು ಸಂತೋಷದ ಸಂಗತಿ. ಆದರೆ ಬಣ್ಣ ಕಳೆದುಕೊಂಡ ಕೃತಿಗಳಿಗೆ ಮತ್ತೆ ಬಣ್ಣ ಬಳಿಯಬೇಕೇ ಎಂಬ ಪ್ರಶ್ನೆ ಇದರಿಂದ ತೀರುವುದಿಲ್ಲ. ಬಳಿದರೆ ಅದು ಬೇರೊಂದು ಕೈಯ ಬಣ್ಣ, ಬಳಿಯದಿದ್ದರೆ ಬೇರೊಂದು ಕೈಯ ಉಕ್ಕು. ನಮ್ಮ ಸಲಹೆ ಇಷ್ಟು: ಅಂಥ ಕೃತಿಯ ಪಕ್ಕದಲ್ಲಿ ಸ್ಮಿತ್ತನೇ ತೆಗೆದ ಛಾಯಾಚಿತ್ರವನ್ನಿಟ್ಟು, ಬಣ್ಣವನ್ನು ಯಾವಾಗ, ಯಾರ ಮೇಲ್ವಿಚಾರಣೆಯಲ್ಲಿ ತೆಗೆಯಲಾಯಿತೆಂಬುದನ್ನು ಫಲಕದಲ್ಲಿ ಶಿಲ್ಪಿಯ ಹೆಸರಿನಷ್ಟೇ ದಪ್ಪ ಅಕ್ಷರಗಳಲ್ಲಿ ಬರೆಯತಕ್ಕದ್ದು.